ಮೂವತ್ತು ಹಿಡಿ

ಡಬ್ಬಿಯ ತಳದಲ್ಲಿ ಚೀಟಿ ಇರಲಿಲ್ಲ.

ಕೃಪಾಬಾಯಿ ಡಬ್ಬಿಯನ್ನು ಬೋರಲು ಮಾಡಿ ತಟ್ಟಿದಳು. ನಾಲ್ಕು ಜೋಳದ ಕಾಳು, ಒಂದಿಷ್ಟು ಧೂಳು ಬಿತ್ತು. ಒಳಗೆ ಕೈ ಹಾಕಿ ಉಗುರಿನಿಂದ ತಳವನ್ನೆಲ್ಲ ಕೆರೆದು ನೋಡಿದಳು. ಬೈಬಲ್ಲಿನ ಹಾಳೆ ಝಾಡಿಸಿದಳು, ಗೂಟಕ್ಕಿದ್ದ ಸಂಚಿ ಹುಡುಕಿದಳು, ಒಲೆಯ ಮುಂದೆ ಬಗ್ಗಿ ನೋಡಿದಳು. ಎಲ್ಲೂ ಇಲ್ಲ. ಅಂದರೆ ಚೀಟಿ ಜೋಳದ ಜೊತೆಗೇ ಚೀಲಕ್ಕೆ ಬಿದ್ದಿದೆ. ಚೀಲ ಹೊನವಾಡಕ್ಕೆ ಹೋಗಿದೆ. ಅವಳು ಇದ್ದಲ್ಲೇ ಕುಂತಳು.

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗಿರುವ ಚಿಕ್ಕ ಚರ್ಚಿನ ಹೆಂಗಸರು ಹಿಂದಿನಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಂದು ಹಿಡಿ ಜೋಳ ತೆಗೆದು ಡಬ್ಬಿಗೆ ಹಾಕಬೇಕು. ಮನೆಯಲ್ಲಿ ಇರಲಿ ಬಿಡಲಿ, ಹಿಡಿ ತಪ್ಪಬಾರದು. ಮೊದಲು ಆ ಜೋಳವೆಲ್ಲ ಒಡಿಶಾದ ಗುಡ್ಡಗಾಡಿನ ಒಂದು ಮಿಷನ್ ಸಾಲೆಗೆ ಅಂತ ಮೀಸಲಿತ್ತು. ಎರಡು ವರ್ಷದಿಂದ ಅರ್ಧ ಮನೆಗಳದ್ದು ಅಲ್ಲಿಗೆ, ಅರ್ಧ ಮನೆಗಳದ್ದು ಇಲ್ಲಿಯ ಟಿ.ಬಿ. ರೋಗಿಗಳಿಗೆ. ದವಾಖಾನೆಯವರು ರೋಗಿಯನ್ನು ಕೇಳಿ, ಅವನು ಹೂಂ ಅಂದ ಮೇಲೆ ಹೆಸರು ಕೊಡುತ್ತಾರೆ. ಒಂದು ಮನೆಗೆ ಒಬ್ಬ ರೋಗಿ. ಜೋಳದ ಜೊತೆ ತೊಗರಿಬೇಳೆ, ಶೇಂಗಾ, ತತ್ತಿ ಸೇರಿಸಿ ತಿಂಗಳಿಗೊಮ್ಮೆ ಹದಿನೆಂಟು ಚೀಲ ಕಟ್ಟಿ, ಸಭೆಯ ಹಿರಿಯ ರಾಯಪ್ಪನ ಟಂಟಂ ಗಾಡಿಯಲ್ಲಿ ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಗೆ ಕಳಿಸುತ್ತಾರೆ.

ರೋಗಿಯ ಹೆಸರು ಬರೆದ ಚೀಟಿಯನ್ನು ಡಬ್ಬಿಯ ತಳದಲ್ಲಿ ಹಾಸಿ, ಅದರ ಮೇಲೆ ಹಿಡಿ ಹಾಕುತ್ತ ಅವನಿಗಾಗಿ ಪ್ರಾರ್ಥನೆ ಹೇಳುವುದು ರೂಢಿ. ಚೀಲ ಕಟ್ಟುವ ದಿನ ಕೈ ಇಳಿಬಿಟ್ಟು ಮೊದಲು ಚೀಟಿ ಎತ್ತಿಕೊಳ್ಳಬೇಕು, ಆಮೇಲೆ ಜೋಳ ಸುರಿಯಬೇಕು. ಇವತ್ತು ಬೆಳಿಗ್ಗೆ ರಾಯಪ್ಪ ಹೊರಗೆ ಹಾರ್ನು ಬಾರಿಸುತ್ತಿದ್ದ, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮರೆತಳು ಅಂದರೆ ಮರೆತಳು.

ಬರೀ ಹೆಸರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹೋದ ತಿಂಗಳು ಬಬಲೇಶ್ವರದ ದಾರಿಯಲ್ಲಿ ಎಂಟು ಹುಡುಗರು ಟಂಟಂ ಅಡ್ಡಗಟ್ಟಿದ್ದರು. ಅವತ್ತು ಕೃಪಾಬಾಯಿಯೂ ಗಾಡಿಯಲ್ಲಿದ್ದಳು. "ಜೋಳ ಕೊಟ್ಟು ಜಾತಿ ಕೆಡಸಾಕ ಬಂದೀರೇನ್ಲೇ?" ಅಂತ ಒಬ್ಬ ರಾಯಪ್ಪನ ಕಾಲರು ಹಿಡಿದ. ಇನ್ನೊಬ್ಬ ಒಂದೊಂದೇ ಚೀಲ ಬಿಚ್ಚಿ ರಸ್ತೆಗೆ ಸುರಿದ. ಪುಸ್ತಕ, ಪಟ, ಒಂದು ಹಾಳೆ ಸಿಕ್ಕೀತೇನೋ ಅಂತ ಕಾಳಿನೊಳಗೆ ಕೈಯಾಡಿಸಿದ. ತತ್ತಿ ಒಡೆದವು. ಏನೂ ಸಿಗಲಿಲ್ಲ. "ಏನರ ಸಿಕ್ಕಿತ್ತಂದ್ರ ಗಾಡಿಗೆ ಬೆಂಕಿ ಹಚ್ಚತಿದ್ವಿ" ಅಂದು ಬಿಟ್ಟರು. ಚೀಲ ಬಿಚ್ಚಿದವನ ಗುರುತು ಕೃಪಾಬಾಯಿಗೆ ಹತ್ತಿತ್ತು. ಹೊನವಾಡದ ಸಂಗನಬಸವ, ಅವಳ ರೋಗಿ ಬಸಗೊಂಡಪ್ಪನ ಖಾಸಾ ತಮ್ಮ. ಅವನೂ ಅವಳನ್ನು ನೋಡಿದ.

ಅವತ್ತೇ ರಾಯಪ್ಪ ಚರ್ಚಿನಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದ: "ಚೀಲದಾಗ ಕಾಳು ಬಿಟ್ರ ಕಾಗದ ಕಾಣಬಾರದು. ಅಂಗಡಿ ಪಟ್ಟಿ ಸೈತ ಬ್ಯಾಡ. ಒಂದ ಹಾಳಿ ಸಿಕ್ತಂದ್ರ ಈ ಕೆಲಸ ಅವತ್ತಿಗೇ ಮುಗೀತು. ನನ್ನ ಜೇಲಿಗೆ ಒಯ್ಯಲಿ, ಅದರ ಚಿಂತಿ ಇಲ್ಲ. ಹದಿನೆಂಟು ಮಂದಿ ಜಡ್ಡಿನವರ ತುತ್ತು ತಪ್ಪತೈತಿ."

ಎಲ್ಲರಿಗಿಂತ ಜೋರಾಗಿ ಹೂಂ ಅಂದವಳು ಕೃಪಾಬಾಯಿ. ಮನೆಗೆ ಬಂದವಳೇ ಪೆನ್ನು ಹಿಡಿದು ಹೊಸ ಚೀಟಿ ಬರೆದಳು. 'ಬಸಗೊಂಡಪ್ಪ, ಹೊನವಾಡ. ಕರ್ತನೇ, ಇವನನ್ನು ಗುಣಪಡಿಸು. ಈ ಮನೆಯನ್ನು ನಿನ್ನದಾಗಿ ಮಾಡಿಕೋ. ಇವನ ತಮ್ಮ ಸಂಗನಬಸವನ ಕೈ ತಡೆ.' ದೇವರಿಗೆ ಹೇಳಿದ ಮಾತು ದೇವರ ಹತ್ತಿರವೇ ಇರುತ್ತದೆ ಅಂತ ತಿಳಿದುಕೊಂಡಿದ್ದಳು.

ಫೋನ್ ಹಚ್ಚಿದಳು. "ಹೊನವಾಡದ ಚೀಲ ಕೊಟ್ಟ್ಯೇನ ರಾಯಪ್ಪ?"

"ಕೊಟ್ಟು ಆಗಲೇ ಘೋಣಸಗಿ ಹಾದಿ ಹಿಡದೇನಿ. ಯಾಕ?"

"ಏನಿಲ್ಲ, ಸುಮ್ಮ ಕೇಳಿದೆ."

ಹೇಳಲು ಧೈರ್ಯ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡು ಇಸಿದುಕೊಂಡು 'ಕೃಪಾಬಾಯಿ ಸಾಮುವೇಲ' ಅಂತ ಓದಿ ಮುಖ ನೋಡಿದ. ಬರೀ ನೋಡಿದ, ಅಷ್ಟೇ. ಬೇರೆ ದಿನವಾಗಿದ್ದರೆ ಅವಳ ಗಮನಕ್ಕೇ ಬರುತ್ತಿರಲಿಲ್ಲ. ಇವತ್ತು ಅವನು ಹಿಂದಿನ ಸೀಟಿಗೆ ಹೋಗುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕುಂತಳು. ತಿಕೋಟಾ ದಾಟಿದ ಮೇಲೆ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು ಶುರುವಾದವು. ಹೋಗಿ ಏನಂತ ಕೇಳುವುದು? 'ನಿಮ್ಮ ಚೀಲದಾಗ ನನ್ನ ಚೀಟಿ ಬಿದ್ದೈತಿ' ಅಂದರೆ ತಾನೇ ಸಾಕ್ಷಿ ಹೇಳಿದಂತೆ. ಯೋಚಿಸಿ ಯೋಚಿಸಿ, ಎಡಗಿವಿಯ ಬಂಗಾರದ ಹೂವನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಸಗೊಂಡಪ್ಪನ ತಾಯಿ ಮುರಿಗೆವ್ವ ಅಂಗಳದಲ್ಲೇ ಇದ್ದಳು. "ಮುಂಜಾನೆ ನಿಮ್ಮ ರಾಯಪ್ಪ ಹೋದ, ಹಿಂದ ನೀ ಬಂದಿ. ಏನಬೇ, ಕೊಟ್ಟಿದ್ದು ತಿರುಗಿ ಇಸಗೊಂಡ ಹೋಗಾಕ ಬಂದಿಯೇನ?" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ನನ್ನ ಕಿವಿ ಹೂವ ಕಳದೈತಿ ಯವ್ವಾ. ಜೋಳ ಸುರಿಯೂಮುಂದ ಚೀಲದಾಗ ಬಿತ್ತೋ ಏನೋ..."

"ಅಯ್ಯ ನನ್ನವ್ವಾ! ಬಂಗಾರದ್ದು?"

ಮುರಿಗೆವ್ವ ಒಳಗೆ ಓಡಿದಳು. ಡಬ್ಬಕ್ಕೆ ತುಂಬಿಟ್ಟಿದ್ದ ಜೋಳವನ್ನು ತಂದು ಗೋಣಿತಟ್ಟಿನ ಮೇಲೆ ಸುರಿದು, ಮೊಣಕಾಲೂರಿ ಹುಡುಕತೊಡಗಿದಳು. ತನ್ನದೇ ಕಳೆದಂತೆ ಹುಡುಕಿದಳು. ಕೃಪಾಬಾಯಿಗೆ ಅವಳ ಮುಖ ನೋಡಲಾಗಲಿಲ್ಲ. ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕುಂತಿದ್ದ ಬಸಗೊಂಡಪ್ಪ, "ಛಲೋತ್ನಂಗ ಹುಡುಕಬೇ, ನಾಳಿ ರೊಟ್ಟ್ಯಾಗ ನನ್ನ ಹಲ್ಲಿಗೆ ಸಿಕ್ಕೀತು" ಅಂದ. ಐದು ತಿಂಗಳ ಹಿಂದೆ ಇದೇ ಹೊರಸಿನ ಮೇಲೆ ಎಲುಬಿನ ಹಂದರದಂತೆ ಬಿದ್ದಿದ್ದವನು. ಈಗ ಗಲ್ಲ ತುಂಬಿದ್ದವು, ದನಿ ತಿರುಗಿ ಬಂದಿತ್ತು.

ಕಾಳೆಲ್ಲ ಎರಡು ಸಲ ಈ ಕಡೆಯಿಂದ ಆ ಕಡೆಗೆ ಹೋಯಿತು. ಕಾಗದ ಕಾಣಲಿಲ್ಲ. ಕೃಪಾಬಾಯಿಗೆ ಸ್ವಲ್ಪ ಸಮಾಧಾನವಾಯಿತು. ಟಂಟಂನಲ್ಲೇ ಬಿದ್ದಿರಬೇಕು. ಇಲ್ಲ, ತನ್ನ ಅಂಗಳದಲ್ಲೇ ಹಾರಿಹೋಗಿರಬೇಕು.

"ಹೂವ ಅಂತೂ ಇಲ್ಲವ್ವ" ಅಂದಳು ಮುರಿಗೆವ್ವ, ಸೊಂಟ ಹಿಡಿದು ಏಳುತ್ತ. "ಡಬ್ಬಕ್ಕ ತುಂಬೂಮುಂದ ಒಂದ ಕಾಗದ ಸಿಕ್ಕಿತ್ತ ನೋಡು, ಮತ್ತೇನೂ ಸಿಗಲಿಲ್ಲ."

"ಎಲ್ಲೈತಿ ಅದು?"

"ನನಗೆಲ್ಲಿ ಓದಾಕ ಬರ್ತೈತಿ. ಸಂಗ್ಯಾಗ ಕೊಟ್ಟೆ. ಏನೋ ಅದು ಅಂದ್ರ, ಅಂಗಡಿ ಪಟ್ಟಿ ಅಂದು ಕಿಸೇದಾಗ ಇಟಗೊಂಡ ಹೋದ."

ಅಷ್ಟರಲ್ಲಿ ಬೈಕಿನ ಸಪ್ಪಳ ಕೇಳಿತು. ಸಂಗನಬಸವ ಬೈಕನ್ನು ಬಾಗಿಲಲ್ಲೇ ನಿಲ್ಲಿಸಿ, ಕೆಳಗಿಳಿಯದೆ, ಹರವಿದ ಜೋಳ ನೋಡಿದ, ಕೃಪಾಬಾಯಿಯ ಬರಿದಾದ ಎಡಗಿವಿ, ಸೆರಗಿನ ತುದಿಯ ಗಂಟು ನೋಡಿದ. ತಾಯಿ ಹೂವಿನ ಕಥೆ ಹೇಳಿ ಮುಗಿಸುವವರೆಗೆ ಕೇಳಿದ.

"ಹತ್ರಿ" ಅಂದ. "ಬಸ್ ಸ್ಟ್ಯಾಂಡಿಗೆ ಬಿಡ್ತೇನಿ."

"ಬ್ಯಾಡಪ್ಪ, ನಡಕೋತ ಹೋಗ್ತೇನಿ..."

"ಬಿಸಲಾಗ ಯಾಕ ನಡೀತಿ? ಹತ್ತಬೇ" ಅಂತ ಮುರಿಗೆವ್ವ ಅವಳ ರಟ್ಟೆ ಹಿಡಿದು ಬೈಕಿನ ಮೇಲೆ ಕೂರಿಸಿಯೇಬಿಟ್ಟಳು.

ಬೈಕು ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಕೃಪಾಬಾಯಿ ಹಿಂದಿನ ಕಂಬಿ ಹಿಡಿದಳು. ಮನೆಗಳು ಮುಗಿದವು, ದ್ರಾಕ್ಷಿ ತೋಟದ ಕಚ್ಚಾ ರಸ್ತೆ ಬಂತು. ಹಸಿರು ಪರದೆ ಕಟ್ಟಿದ ಎರಡು ಶೆಡ್ಡಿನ ನಡುವೆ ಬೈಕು ನಿಂತಿತು. ಮನುಷ್ಯರ ಸುಳಿವಿಲ್ಲ. ಒಣಗುತ್ತಿದ್ದ ಮಣೂಕದ ಸಿಹಿ ವಾಸನೆ, ಗುಂಯ್ ಅನ್ನುವ ನೊಣ. ಬಬಲೇಶ್ವರದಲ್ಲಿ ಎಂಟು ಮಂದಿ ಇದ್ದರು. ಉಳಿದ ಏಳು ಮಂದಿ ಪರದೆಯ ಹಿಂದಿರಬಹುದು ಅನ್ನಿಸಿತು.

"ಇಳೀರಿ."

ಇಳಿದಳು. ಅವನು ಅಂಗಿಯ ಕಿಸೆಯಿಂದ ಚೀಟಿ ತೆಗೆದು ಬಿಚ್ಚಿದ.

"ಅಕ್ಷರ ನಿಮ್ಮದೇನ್ರಿ?"

ಇಲ್ಲ ಅನ್ನಬೇಕೆಂದುಕೊಂಡಳು. ಬೆಳಗಿನಿಂದ ಹೇಳಿದ ಸುಳ್ಳೇ ಸಾಕಾಗಿತ್ತು. "ನಂದ."

"'ಈ ಮನೆಯನ್ನು ನಿನ್ನದಾಗಿ ಮಾಡಿಕೋ.'" ಸಾಲೆಯ ಹುಡುಗನಂತೆ ಒಂದೊಂದೇ ಶಬ್ದ ಓದಿದ. "ಮನಿ ನಮ್ಮಪ್ಪ ಕಲ್ಲ ಹೊತ್ತು ಕಟ್ಟ್ಯಾನ್ರಿ. ನೀವು ಯಾರಿಗೆ ಬರದ ಕೊಡಾಕತ್ತೀರಿ?"

"ಹಂಗಲ್ಲಪ್ಪ. ಅದು ನಾವು ಬೇಡಿಕೊಳ್ಳೂ ರೀತಿ. ಮನಿಗೆ ಒಳ್ಳೇದಾಗ್ಲಿ ಅಂತ..."

"ನನ್ನ ಕೈ ತಡಿ ಅಂತ ಬರದೀರಲ್ರಿ. ಹೆಸರ ಹಚ್ಚಿ."

"ನಿನಗ ಅಂಜಿ ಬರದೇನಿ."

ಅವನು ತಲೆ ಎತ್ತಿದ. ನಕ್ಕನೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದನೋ ತಿಳಿಯಲಿಲ್ಲ. "ಇದನ್ನ ನಮ್ಮ ಹುಡುಗರಿಗೆ ತೋರಸಿದ್ರ ಏನಾಗ್ತೈತಿ ಗೊತ್ತೈತಿಲ್ಲ?"

"ಗೊತ್ತೈತಿ." ಅವಳು ಕೈಯೊಡ್ಡಿದಳು. "ಕೊಡು ನಮ್ಮಪ್ಪ. ಇಲ್ಲೇ ಹರದ ಒಗೀತೇನಿ. ತಪ್ಪು ನಂದು. ರಾಯಪ್ಪಗ ಇದೇನೂ ಗೊತ್ತಿಲ್ಲ, ಉಳದವರಿಗೂ ಗೊತ್ತಿಲ್ಲ."

"ಕೊಡಂಗಿಲ್ರಿ."

ನಾಲ್ಕು ಮಡಿಕೆ ಮಾಡಿ ಮತ್ತೆ ಕಿಸೆಗೆ ಹಾಕಿ ಗುಂಡಿ ಬಿಗಿದ. ಆಮೇಲೆ ಬೇಲಿಯ ಕಡೆ ನೋಡುತ್ತ ಹೇಳಿದ: "ಅಣ್ಣನ ಗುಳಿಗಿ ಆರು ತಿಂಗಳದ್ದು. ಐದು ಮುಗದಾವ. ಮೊದಲ ಉಂಡದ್ದೆಲ್ಲ ಕಾರತಿದ್ದ, ಈಗ ಎರಡ ರೊಟ್ಟಿ ತಿಂತಾನ. ನಾ ಕುರುಡ ಅಲ್ಲ. ಬರೂ ತಿಂಗಳ ಚೀಲ ತಪ್ಪಸಬ್ಯಾಡ್ರಿ. ಆರು ತುಂಬಲಿ."

"ಆಮ್ಯಾಲ?"

ಅವನು ಬೈಕಿನ ಕಿಕ್ ಒದ್ದ. "ಹತ್ರಿ, ಬಸ್ ತಪ್ಪತೈತಿ."

ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿ, ಹೊರಡುವ ಮುಂಚೆ ಅಂದ: "ಸೆರಗಿನ್ಯಾಗಿಂದು ಬಿಚ್ಚಿ ಕಿವಿಗೆ ಹಾಕ್ಕೋರಿ. ಹೂವ ಸಿಕ್ತು ಅಂತ ಅವ್ವಗ ಹೇಳ್ತೇನಿ. ಪಾಪ, ಮುದುಕಿ ಇನ್ನೂ ಹುಡುಕಾಕತ್ತಿರ್ತಾಳ."

ತಿಕೋಟಾದ ಹತ್ತಿರ ಬಸ್ಸಿನಲ್ಲಿದ್ದಾಗ ರಾಯಪ್ಪನ ಫೋನ್ ಬಂತು. "ಹದಿನೆಂಟೂ ಮುಟ್ಟಿದ್ವು ನೋಡಕ್ಕ. ಯಾರೂ ಅಡ್ಡ ಬರಲಿಲ್ಲ. ಕರ್ತ ದೊಡ್ಡಾಂವ."

"ಹೂಂ" ಅಂದಳು. ಫೋನ್ ಇಟ್ಟು ಬೆರಳು ಮಡಿಚಿ ಎಣಿಸಿದಳು. ದಿನಕ್ಕೊಂದರಂತೆ ಇನ್ನು ಮೂವತ್ತು ಹಿಡಿ. ಅಲ್ಲಿಗೆ ಬಸಗೊಂಡಪ್ಪನ ಗುಳಿಗೆ ಮುಗಿಯುತ್ತದೆ. ಅವನು ಗುಣವಾಗಿ ಎದ್ದು ಹೊಲಕ್ಕೆ ಹೋಗುತ್ತಾನೆ. ಆಮೇಲೆ ಚೀಟಿ ಸಂಗನಬಸವನ ಕಿಸೆಯಲ್ಲೇ ಇರಬೇಕೆಂದೇನಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಡಬ್ಬಿ ಮುಂದಿಟ್ಟುಕೊಂಡು ಕುಂತಳು. ಹೊಸ ಚೀಟಿ ಬರೆಯಲಿಲ್ಲ. ಹಿಡಿ ತುಂಬ ಜೋಳ ತೆಗೆದುಕೊಂಡು ಕಣ್ಣು ಮುಚ್ಚಿದಳು. 'ಕರ್ತನೇ, ಇವನನ್ನು ಬೇಗ...' ಎಂಬಲ್ಲಿಗೆ ಬಂದು ನಿಂತಳು. ಐದು ತಿಂಗಳು ದಿನಾ ಹೇಳಿದ ಮಾತು. ಮುಂದಿನ ಶಬ್ದ ಬಾಯಿಗೆ ಬರಲಿಲ್ಲ. ಅಂಗೈ ಬೆವೆತು ಕಾಳು ಅಂಟಿಕೊಂಡವು. ಕೊನೆಗೆ ಮುಷ್ಟಿ ಬಿಚ್ಚಿದಳು.

ಕಾಗದವಿಲ್ಲದ ತಳಕ್ಕೆ ಜೋಳ ಬಿದ್ದು ಡಬ್ಬಿ ಗಲಗಲ ಅಂದಿತು. ಕೃಪಾಬಾಯಿ ಬೆಚ್ಚಿಬಿದ್ದು ಡಬ್ಬಿಯ ಬಾಯನ್ನು ಎರಡೂ ಕೈಯಿಂದ ಮುಚ್ಚಿ, ಬಾಗಿಲ ಕಡೆ ನೋಡಿದಳು.