ಪೂರ್ಣಾವಧಿ ವಿದ್ಯಾರ್ಥಿನಿ

ಇನ್ನೂ ಎಪ್ಪತ್ತೆರಡೇ, ಗೋಡೆಯ ಬೋರ್ಡಿನ ಮೇಲಿನ ಕೆಂಪು ಅಂಕಿ ಅರ್ಧ ಗಂಟೆಯಿಂದ ಕದಲಿಲ್ಲ, ಆ ಎಪ್ಪತ್ತೆರಡನೆಯವರು ಕೌಂಟರಿನ ಮುಂದೆ ಸಂಸಾರ ಹೂಡಿಬಿಟ್ಟರೋ ಏನೋ, ಅವಳ ಕೈಯಲ್ಲಿರುವುದು ಎಂಬತ್ತೊಂದು, ಚೀಟಿ ಬೆವರಿಗೆ ಮೆತ್ತಗಾಗಿ ಅಂಕಿಯೇ ಮಸುಕಾಗುತ್ತಿದೆ — ಪೂರ್ತಿ ಅಳಿಸಿಹೋದರೆ ಅದಕ್ಕೂ ಒಂದು ಅರ್ಜಿ ಕೇಳುತ್ತಾರೆ ಈ ಮಹಾನುಭಾವರು, ಚೀಟಿ ಒದ್ದೆಯಾದ ಬಗ್ಗೆ ಅರ್ಜಿ, ಜೊತೆಗೆ ಎರಡು ಫೋಟೋ. ಎರಡು ಗಂಟೆಗೆ ಅವಳು ವೃದ್ಧಾಶ್ರಮದಲ್ಲಿರಬೇಕು, ಹನ್ನೊಂದನೇ ಕೋಣೆಯ ಮೇಷ್ಟ್ರಿಗೆ ಸ್ನಾನ ಮಾಡಿಸಬೇಕು, ಬೇರೆ ಆಯಾಗಳು ಹೋದರೆ ನೀರು ಸುಡುತ್ತೆ ಅಂತಾರೆ, ಕೊರೆಯುತ್ತೆ ಅಂತಾರೆ, ಅವಳು ಹೋದರೆ ಮಾತ್ರ ಸುಮ್ಮನೆ ತಲೆ ಒಡ್ಡುತ್ತಾರೆ, ನೀನು ನರ್ಸ್ ಆಗಬೇಕಿತ್ತು ಕಣಮ್ಮ, ಆಗ್ತೀನಿ ಸಾರ್, ಸೀಟು ಸಿಕ್ಕಿದೆ. ಸಿಕ್ಕಿದೆ, ಮೂವತ್ತೇಳನೇ ವಯಸ್ಸಿಗೆ, ಮೂರು ವರ್ಷದ ಪೂರ್ಣಾವಧಿ ನರ್ಸಿಂಗ್, ಕಾಲೇಜು ಶುರುವಾಗುವುದು ಇನ್ನೆರಡು ತಿಂಗಳಿಗೆ, ಅಷ್ಟರಲ್ಲಿ ನಿನ್ನೆ ಬಂತಲ್ಲ ಈ ಕಚೇರಿಯ ಪತ್ರ, ನಿಮ್ಮ ಕುಟುಂಬದಲ್ಲಿ ಪೂರ್ಣಾವಧಿ ವಿದ್ಯಾರ್ಥಿನಿ ಇರುವುದಾಗಿ ತಿಳಿದುಬಂದಿರುವುದರಿಂದ ಬಾಡಿಗೆ ಸಹಾಯಧನವನ್ನು ಈ ತಿಂಗಳಿಂದ ನಿಲ್ಲಿಸಲಾಗಿದೆ. ತಿಳಿದುಬಂದಿದೆಯಂತೆ! ಗಾಳಿ ಬಂದು ಕಿವಿಯಲ್ಲಿ ಊದಿತೇ? ಇನ್ನೂ ಒಂದು ಪುಸ್ತಕ ಕೊಂಡಿಲ್ಲ, ಕಾಲೇಜಿನ ಗೇಟು ದಾಟಿಲ್ಲ, ಆಗಲೇ ವಿದ್ಯಾರ್ಥಿನಿ, ಕಾಲೇಜಿನವರನ್ನು ಕೇಳಿದರೆ ಅಲ್ಲಮ್ಮ, ನೀವಿನ್ನೂ ನಮ್ಮ ವಿದ್ಯಾರ್ಥಿನಿ ಅಲ್ಲ, ಓದಿನ ಸಾಲಕ್ಕೆ ಪತ್ರ ಈಗಲೇ ಕೊಡೋಕಾಗಲ್ಲ ಅನ್ನುತ್ತಾರೆ. ಹಾಗಾದರೆ ಈ ಎರಡು ತಿಂಗಳು ಅವಳು ಯಾರು, ಮನೆ ಮಾಲೀಕನಿಗೆ ಏನಂತ ಹೇಳುವುದು?

ಅವಳೇನು ಕಣ್ಣು ಮುಚ್ಚಿಕೊಂಡು ಅರ್ಜಿ ಗುಜರಾಯಿಸಿದವಳಲ್ಲ, ವೃದ್ಧಾಶ್ರಮದ ಬಚ್ಚಲಲ್ಲಿ ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು, ಊಟದ ಬಿಡುವಿನಲ್ಲಿ ಒಂದೊಂದೇ ಪುಟ ಓದಿದ್ದಾಳೆ ಇವರ ನಿಯಮಗಳನ್ನು, ಎಷ್ಟು ಸಲ ಓದಿದರೂ ತಲೆ ಚಿಟ್ಟು ಹಿಡಿಯುವಂಥ ಕನ್ನಡ, ಆದರೂ ಬಿಡಲಿಲ್ಲ. ಕಾಲೇಜು ಶುರುವಾದ ದಿನವೇ ಇಲ್ಲಿ ಬಂದು ತಿಳಿಸಬೇಕು, ಆ ದಿನದಿಂದ ಬಾಡಿಗೆ ಸಹಾಯ ನಿಲ್ಲುತ್ತದೆ, ಆದರೆ ಅದೇ ವಾರ ಓದಿನ ಸಾಲದ ಮೊದಲ ಕಂತು ಬರುತ್ತದೆ, ಈ ಕೈ ಬಿಡುವಷ್ಟರಲ್ಲಿ ಆ ಕೈ ಹಿಡಿಯುತ್ತದೆ, ಒಂದು ದಿನವೂ ಮುಂಚೆ ಬಾಯಿ ಬಿಡಬಾರದು, ಅಷ್ಟೇ. ಇಷ್ಟನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ಗಂಡನಿಗೂ ಬಿಡಿಸಿ ಹೇಳಿರಲಿಲ್ಲ, ಹೇಗೆ ಹೇಳುವುದು, ಸಹಾಯಧನ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾನೆ, ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಬಡಗಿ, ಎರಡು ವರ್ಷದ ಹಿಂದೆ ಗರಗಸದ ಯಂತ್ರ ಬಲಗೈಯ ಮೂರು ಬೆರಳು ತಿಂದುಹಾಕಿದ ಮೇಲೆ ಅವನಿಗೂ ತಿಂಗಳು ತಿಂಗಳು ಅಂಗವಿಕಲರ ಭತ್ಯೆ ಬರುತ್ತದೆ, ಬಂದ ದಿನ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದುಬಿಡುತ್ತಾನೆ. ಗಾಯಕ್ಕೆ ಕೈ ಹಾಕುವುದು ಬೇಡ ಅಂತ ಸುಮ್ಮನಿದ್ದಳು, ತಪ್ಪೇ?

ಹೇಳಿದ್ದು ರೇಡಿಯೋನೇ, ಅನುಮಾನವೇ ಇಲ್ಲ. ರೇಡಿಯೋ ಅಂದರೆ ನಾದಿನಿ, ಗಂಡನ ತಂಗಿ, ಎದುರು ಬೀದಿಯಲ್ಲೇ ಮನೆ, ಬೆಳಿಗ್ಗೆ ಬಾಯಿ ತೆರೆದರೆ ಮಲಗುವಾಗ ಮುಚ್ಚುವುದು, ಸೀಟಿನ ಪತ್ರ ಒಡೆದಾಗ ಸರಿಯಾಗಿ ಬಂದು ವಕ್ಕರಿಸಿದ್ದಳು, ಏನತ್ತಿಗೆ, ಇನ್ಮೇಲೆ ನೀವೂ ಮಗಳೂ ಬ್ಯಾಗ್ ಹಾಕ್ಕೊಂಡು ಒಂದೇ ಬಸ್ಸಲ್ಲಾ, ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ, ಆದರೆ ಇಲ್ಲಿಗೂ ಬಂದು ಕಡ್ಡಿ ಆಡಿಸಬೇಕಿತ್ತೇ? ಅವನಾದರೂ ಆವತ್ತು ಒಂದು ಒಳ್ಳೆಯ ಮಾತಾಡಿದನೇ, ಪತ್ರವನ್ನು ಎರಡು ಸಲ ಓದಿ, ಎಷ್ಟು ವರ್ಷ ಅಂದ, ಮೂರು ಅಂದಳು, ಹ್ಞೂಂ ಅಂದ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ, ಬಂದದ್ದು ಊಟದ ಹೊತ್ತಿಗೆ, ಎಲ್ಲಿಗೆ ಹೋಗಿದ್ರಿ, ಇಲ್ಲೇ, ಸ್ವಲ್ಪ ಕೆಲಸ ಇತ್ತು. ಹೆಂಡತಿಗೆ ಸೀಟು ಸಿಕ್ಕಿದ ದಿನ ಅದೆಂಥ ಘನಂದಾರಿ ಕೆಲಸವೋ, ಅದೇ ಸಿಟ್ಟಿನಲ್ಲಿ ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ ಅವಳು. ಇರಲಿ, ಅವನ ವಿಷಯ ಆಮೇಲೆ, ಮೊದಲು ರೇಡಿಯೋಗೆ ಮಾಡಬೇಕು ಮಂಗಳಾರತಿ, ಸಂಜೆ ನೇರ ಅವಳ ಬಾಗಿಲಿಗೇ ಹೋಗಿ ನಿಲ್ಲಬೇಕು, ಏನಮ್ಮ, ನಮ್ಮ ಮಗು ಬೀದಿಗೆ ಬಿದ್ದರೆ ನಿನಗೆ ನಿದ್ದೆ ಬರುತ್ತಾ — ಎಂಬತ್ತು, ಎಂಬತ್ತೊಂದು, ಅಯ್ಯೋ, ಒಂದೇ ಉಸಿರಿಗೆ ಓಡಿಬಿಟ್ಟಿತಲ್ಲ ಬೋರ್ಡು, ಬಂದೆ, ಬಂದೆ.

ಕೌಂಟರಿನ ಗುಮಾಸ್ತೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಾಳೆ, ತಲೆ ಮೇಲಿದೆ ನೋಡಿ ಅಂದರೆ ಥ್ಯಾಂಕ್ಸೂ ಇಲ್ಲ, ಹೇಳಿ ಮೇಡಂ. ಹೇಳುತ್ತಾಳೆ, ಎಲ್ಲ ಹೇಳುತ್ತಾಳೆ, ಎರಡು ಪತ್ರವನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು, ಕಾಲೇಜು ಶುರುವಾಗೋದು ಇಲ್ಲಿ ನೋಡಿ, ಇನ್ನೆರಡು ತಿಂಗಳಿಗೆ. ಆದರೆ ಓದು ಶುರುವಾದ ತಾರೀಖು ಅನ್ನೋ ಕಡೆ ಹೋದ ತಿಂಗಳ ಇಪ್ಪತ್ತು ಅಂತ ಬರೆದುಕೊಟ್ಟಿದ್ದಾರಲ್ಲ ಮೇಡಂ. ಅದು ಸೀಟಿನ ಪತ್ರ ಬಂದ ತಾರೀಖು, ಯಾರೋ ಅರ್ಥ ಆಗದೆ ಬರೆದಿದ್ದಾರೆ. ಇರಬಹುದು, ಆದರೆ ನಮ್ಮಲ್ಲಿ ದಾಖಲಾಗಿ ಹೋಗಿದೆ, ಈಗ ಎರಡೇ ದಾರಿ, ನಾನು ಓದು ಬಿಟ್ಟಿದ್ದೇನೆ ಅಂತ ಸಹಿ ಹಾಕಿ, ಬಾಡಿಗೆ ಸಹಾಯ ನಾಳೆಯಿಂದ ಶುರು. ಸೀಟು? ಅದು ಕಾಲೇಜಿಗೂ ತಿಳಿಯುತ್ತೆ, ಹೋಗುತ್ತೆ. ಇನ್ನೊಂದು ದಾರಿ ಏನು, ಅದನ್ನ ಹೇಳಿ ಮೊದಲು. ಇನ್ನೊಂದು, ತಿಳಿಸಿದವರು ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಅಂತ ನೀವು ಬರೆದುಕೊಡಬೇಕು, ಆಗ ಸೀಟೂ ಉಳಿಯುತ್ತೆ, ಬಾಡಿಗೆಯೂ ಬರುತ್ತೆ. ಸುಳ್ಳು ಯಾಕೆ, ಕೈತಪ್ಪು ಅಂತ ಬರೆದರೆ? ಕೈತಪ್ಪು ಅನ್ನೋ ಕಾಲಮ್ಮೇ ಇಲ್ಲ ಮೇಡಂ. ಸುಳ್ಳು ಹೇಳಿದವರಿಗೆ ಏನು ಮಾಡ್ತೀರಾ? ಅವರಿಗೆ ಇಲ್ಲಿಂದ ಏನು ಬರ್ತಿದೆಯೋ ಅದು ಆರು ತಿಂಗಳು ನಿಲ್ಲುತ್ತೆ, ಎಚ್ಚರಿಕೆ ಪತ್ರ ಹೋಗುತ್ತೆ. ನಿಲ್ಲಲಿ! ರೇಡಿಯೋಗೂ ಮಕ್ಕಳ ಭತ್ಯೆ ಬರುತ್ತದೆ, ಅದು ನಿಂತರೆ ಗೊತ್ತಾಗುತ್ತೆ ಬಿಸಿ, ಮೂಗು ತೂರಿಸುವ ಚಟವಾದರೂ ಬಿಡುತ್ತಾಳೆ, ಕೊಡಿ ಪೆನ್ನು, ಬರೀತೀನಿ, ಹತ್ತು ಸಲ ಬೇಕಾದರೂ ಬರೀತೀನಿ. ಗುಮಾಸ್ತೆ ಕಡತ ಬಿಚ್ಚುತ್ತಾಳೆ, ಹಾಳೆಯನ್ನು ಅವಳ ಕಡೆಗೆ ತಿರುಗಿಸುತ್ತಾಳೆ, ಇಲ್ಲಿ, ಅವರು ಬರೆದಿರೋದರ ಕೆಳಗೇ.

ಮೊದಲಿಗೆ ಮಗಳದ್ದು ಅಂದುಕೊಂಡಳು, ಮೂರನೇ ಕ್ಲಾಸಿನ ಮಗಳು ಇಲ್ಲಿಗೆ ಹೇಗೆ ಬಂದಳಪ್ಪ ಅಂತ, ಅಷ್ಟು ದೊಡ್ಡ ದೊಡ್ಡ ಅಕ್ಷರ, ಒಂದು ಆ ಕಡೆ ವಾಲಿದರೆ ಇನ್ನೊಂದು ಈ ಕಡೆ, ಒತ್ತಿದ ರಭಸಕ್ಕೆ ಒಂದೆರಡು ಕಡೆ ಕಾಗದವೇ ತೂತು — ಅಲ್ಲ, ಮಗಳ ಅಕ್ಷರ ಇದಕ್ಕಿಂತ ಚೆಂದ. ಎಡಗೈ. ಎಡಗೈಯಲ್ಲಿ ಬರೆದದ್ದು. ಎರಡು ವರ್ಷದಿಂದ ಪೆನ್ನು ಮುಟ್ಟಿಲ್ಲ ಅವನು, ಸಾಮಾನಿನ ಚೀಟಿಯನ್ನೂ ಮಗಳ ಕೈಯಲ್ಲಿ ಬರೆಸುತ್ತಾನೆ, ಸಹಿ ಕೇಳಿದರೆ ಹೆಬ್ಬೆಟ್ಟು ಒತ್ತುತ್ತಾನೆ, ಒಂದ್ಸಲ ಎಡಗೈಲಿ ಅಭ್ಯಾಸ ಮಾಡಬಾರದೇ ಅಂದಿದ್ದಕ್ಕೆ, ಯಾರಿಗೆ ತೋರಿಸೋಕೆ, ನಗೋಕಾ, ಅಂತ ರೇಗಿದ್ದ. ಇಲ್ಲಿ ಕೂತು, ಇಷ್ಟು ಜನರ ಮುಂದೆ, ಆ ಬೆಂಚಿನ ಮೇಲೆ, ಎಷ್ಟು ಹೊತ್ತು ಬೇಕಾಯಿತೋ, ಅಯ್ಯೋ ಪುಣ್ಯಾತ್ಮ, ಕೇಳಬಾರದಿತ್ತೇ ಒಂದು ಮಾತು, ಬಂದು ಹೇಳಬಾರದಿತ್ತೇ, ನಾನಾದರೂ ಹೇಳಬಾರದಿತ್ತೇ. ತಿಳಿಸುವವರ ಸಂಬಂಧ, ಗಂಡ. ಕಸುಬು, ಬಡಗಿ. ಬದಲಾವಣೆಯ ವಿವರ ಅನ್ನುವ ಚೌಕದಲ್ಲಿ ಅವರು ಕೇಳಿದ್ದು ಕಾಲೇಜು, ಕೋರ್ಸು, ವರ್ಷ, ಅವನು ಅದ್ಯಾವುದನ್ನೂ ಬರೆದಿಲ್ಲ, ಮೂರೇ ಪದ, ನನ್ನ ಹೆಂಡತಿ ಓದುತ್ತಾಳೆ. ಬರೀರಿ ಮೇಡಂ, ಇದರ ಕೆಳಗೆ, ಈ ಮಾಹಿತಿ ಸುಳ್ಳು, ಅಷ್ಟೇ, ಹಿಂದೆ ಜನ ಕಾಯ್ತಿದ್ದಾರೆ. ಹ್ಞಾಂ, ಬರೆಯಬೇಕು, ಬರೆದರೆ ಅವನ ಭತ್ಯೆ ಆರು ತಿಂಗಳು ಹೋಗುತ್ತದೆ, ಸುಳ್ಳುಗಾರ ಅಂತ ಅವನ ಹೆಸರಿಗೇ ಪತ್ರ ಬರುತ್ತದೆ, ಬರೆಯದಿದ್ದರೆ ಓದು ಬಿಟ್ಟಿದ್ದೇನೆ ಅನ್ನಬೇಕು, ಆಗಲೂ ಇದು ಸುಳ್ಳೇ, ಹೇಗೆ ಬರೆದರೂ ಇದೇ ಸುಳ್ಳಾಗುವುದು, ನನ್ನ ಹೆಂಡತಿ ಓದುತ್ತಾಳೆ, ಮೇಡಂ, ಕೇಳಿಸ್ತಾ, ನನ್ನ ಹೆಂಡತಿ, ಅಡಿಗೆರೆ ಬೇರೆ ಎಳೆದಿದ್ದಾನೆ ಎರಡೆರಡು, ಓದುತ್ತಾ ಅನ್ನುವ ಹೊತ್ತಿಗೇ ಜಾಗ ಮುಗಿದುಹೋಗಿದೆ ಅವನಿಗೆ, ಕೊನೆಯ ಳೆ ಚೌಕದ ಗೆರೆ ದಾಟಿ, ಕಚೇರಿಯ ಉಪಯೋಗಕ್ಕೆ ಮಾತ್ರ ಅಂತ ಅಚ್ಚಾದ ಜಾಗದಲ್ಲಿ, ಸೊಟ್ಟಗೆ, ದೊಡ್ಡದಾಗಿ, ಆ ಳೆ