ಸೀಟಿನಡಿಯ ಹೊಲಿಗೆ

ವಡಾಲದ ಗ್ಯಾರೇಜಿಗೆ ಆ ಕೆಂಪು ಜಪಾನಿ ಕಾರು ಬಂದು ನಿಂತಾಗ ಕೆಲಸದವರೆಲ್ಲ ಕೈಲಿದ್ದದ್ದು ಬಿಟ್ಟು ಸುತ್ತ ಸೇರಿದರು. ತೊಂಬತ್ತೊಂದರ ಮುಂಬಯಿಯಲ್ಲಿ ಫಾರಿನ್ ಎಂದರೆ ಖಾಲಿ ಸೆಂಟು ಬಾಟಲಿಗೂ ಮರ್ಯಾದೆ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿಗೆ ಕೇಳಬೇಕೆ? ಅದೂ ಕಂಪನಿಯವರು ಕೆಲವೇ ನೂರು ಮಾಡಿ ನಿಲ್ಲಿಸಿದ ಸ್ಪೆಷಲ್ ಎಡಿಷನ್ ಎಂದು ಮಾರುವವನು ಹೇಳುತ್ತಿದ್ದ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಸಾಮಾನ್ಯ ಮಾಡೆಲ್ಲಿಗೆ ಪಟ್ಟೆ ಅಂಟಿಸಿ, ನಂಬರಿನ ತಗಡು ಬದಲಿಸಿ, ಸೀಟಿಗೆ ಹೊಸ ಅಂಗಿ ತೊಡಿಸಿ ಸ್ಪೆಷಲ್ ಎಂದು ದಾಟಿಸುವವರು ಊರಲ್ಲಿ ಹೆಚ್ಚಿದ್ದರು.

ಕೊಳ್ಳುವವರ ಪರವಾಗಿ ಪರೀಕ್ಷಿಸಲು ಬಂದಿದ್ದವರು ಸರ್ವೇಯರ್ ಜಯಸಿಂಹ, ಮೈಸೂರಿನವರು. ಭೂತಗನ್ನಡಿ ಹಿಡಿದು ಇಂಜಿನ್, ಚಾಸಿ ನಂಬರುಗಳನ್ನೆಲ್ಲ ನೋಡಿದರು, ತಪ್ಪು ಸಿಗಲಿಲ್ಲ. ಉಳಿದದ್ದು ಸೀಟು. ಅದಕ್ಕೆ ಮುರ್ತುಜಾನನ್ನು ಕರೆಸಿದ್ದರು.

ಮುರ್ತುಜಾ ವಿಜಾಪುರದ ಕಡೆಯವನು, ಮನೆ ಆಂಟಾಪ್ ಹಿಲ್‌ನಲ್ಲಿ, ಕಾರಿನ ಸೀಟು ಹೊಲಿಯುವುದು ಕಸುಬು. ನಕಲಿ ಮಾಲು ಮುಟ್ಟುವುದಿಲ್ಲವೆಂಬ ಹಟದವನು. “ಕಾರು ಸುಳ್ಳು ಹೇಳಬಹುದು, ಮುರ್ತುಜಾ ಹೇಳಲ್ಲ” ಎಂದು ಜಯಸಿಂಹರು ಎಲ್ಲರಿಗೂ ಹೇಳುತ್ತಿದ್ದರು. ಆ ಒಂದು ಮಾತೇ ಅವನ ಆಸ್ತಿ.

ಅವನು ಬೋಲ್ಟು ಬಿಚ್ಚಿ ಸೀಟನ್ನು ಹೊರಗೆ ತಂದು ಮಗುಚಿದ. ಕೆಳಗಿನ ಕಪ್ಪು ಬಟ್ಟೆ ಸರಿಸಿದ. ಜಪಾನಿನಲ್ಲಿ ಅಂಚನ್ನು ತಂತಿಯ ಉಂಗುರ ಹಾಕಿ ಬಿಗಿಯುತ್ತಾರೆ, ಕೈಯಲ್ಲಿ ಹೊಲಿಯುವುದಿಲ್ಲ. ಇಲ್ಲಿಯೂ ಉಂಗುರಗಳಿದ್ದವು, ಆದರೆ ಅವುಗಳ ಹಿಂದೆ ಸಣ್ಣ ಕೈಹೊಲಿಗೆ ಸಾಲಾಗಿ ಹೋಗಿತ್ತು. ಹೊಲಿಗೆಯ ಟಾಕಾಗಳೆಲ್ಲ ಉಲ್ಟಾ ದಿಕ್ಕಿಗೆ ವಾಲಿದ್ದವು. ಪ್ರತಿ ಮೂಲೆಯಲ್ಲೂ ಒಂದರ ಮೇಲೊಂದು ಮೂರು ಗಂಟು.

ಮುರ್ತುಜಾ ಆ ಗಂಟುಗಳ ಮೇಲೆ ಬೆರಳಾಡಿಸಿದ. ಅವನ ಹೆಂಡತಿ ಅಖ್ತರಿ ಎಡಚಿ. ಹಾಗೆ ಹೊಲಿದು ಹಾಗೆ ಗಂಟು ಹಾಕುತ್ತಿದ್ದವಳು ಅವಳೊಬ್ಬಳೇ. ಸೂಜಿ ಹಿಡಿಯುವುದನ್ನು ಕಲಿಸಿದವನು ಅವನೇ, ಎಡಗೈಗೆ ಗದರಿದವನೂ ಅವನೇ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ಅದಕ್ಕೂ ಒಂದೂವರೆ ವರ್ಷದ ಹಿಂದೆ ಒಬ್ಬ ದಲಾಲ ಮನೆಗೇ ಬಂದು ಇಂಥ ನಕಲಿ ಸೀಟು ಹೊಲಿದುಕೊಡು ಎಂದಿದ್ದ. ಮುರ್ತುಜಾ ಹೊಸ್ತಿಲಲ್ಲೇ ಬೈದು ಅಟ್ಟಿದ್ದ. “ಇಂಥಾ ಹರಾಮಿನ ಕೂಳು ತಿನ್ನೂದಕ್ಕಿಂತ ಸಾಯೂದು ಚಲೋ” ಎಂದು ಹೆಂಡತಿಗೆ ಹೇಳಿದ್ದ. ಮುಂದಿನ ತಿಂಗಳೇ ಅವನಿಗೆ ಕಾಮಾಲೆ ಹಿಡಿಯಿತು. ಮೂರು ತಿಂಗಳು ಮೇಲೇಳಲಿಲ್ಲ. ಔಷಧಿ, ಗಂಜಿ, ಕಬ್ಬಿನ ಹಾಲು ಯಾವುದಕ್ಕೂ ಕೊರತೆಯಾಗಲಿಲ್ಲ. ದುಡ್ಡೆಲ್ಲಿಂದ ಎಂದು ಕೇಳಿದರೆ ತಲೆದಿಂಬಿನ ಕವರ್ ಹೊಲಿಯುತ್ತೇನೆ ಎಂದಿದ್ದಳು ಅಖ್ತರಿ. ಅವನು ನಂಬಿದ್ದ. ಸಾಯುವುದು ಮೇಲು ಎಂದವನನ್ನು ಅವಳು ಸಾಯಲು ಬಿಟ್ಟಿರಲಿಲ್ಲ.

“ಏನಂತೀರಿ, ಮುರ್ತುಜಾ?” ಜಯಸಿಂಹರು ಕೇಳಿದರು. “ಅಸಲಿ ತಾನೇ?”

ಅಸಲಿಯೇ, ಯಾರೋ ರಿಪೇರಿ ಮಾಡಿದ್ದಾರೆ ಎಂದರೆ ಸಾಕಿತ್ತು. ಜಯಸಿಂಹರು ಮರುಮಾತಿಲ್ಲದೆ ನಂಬುತ್ತಿದ್ದರು. ಕೊಳ್ಳುವವನು ಮೋಸಹೋಗುತ್ತಿದ್ದ, ಅಷ್ಟೆ.

“ಅಲ್ರೀ ಸಾಹೇಬ್ರ,” ಎಂದ ಮುರ್ತುಜಾ. “ನಕಲಿ ಐತಿ. ಕವರ್ ಪೂರಾ ಇಲ್ಲೇ ಬಂಬೈದಾಗ ಹೊಲದದ್ದು.”

“ಯಾರ ಕೈ ಅಂತ ಹೇಳ್ತೀರಾ? ಇಂಥದ್ದು ಇದು ಮೂರನೇ ಕಾರು. ರಿಪೋರ್ಟ್‌ನಲ್ಲಿ ಬರೀಬೇಕು.”

ಮುರ್ತುಜಾ ಕಪ್ಪು ಬಟ್ಟೆಯನ್ನು ಮೊದಲಿನಂತೆ ಎಳೆದು ಮುಚ್ಚಿದ.

“ನಂದ ರೀ. ನಾನ ಹೊಲದೀನಿ.”

ಜಯಸಿಂಹರ ಪೆನ್ನು ನಿಂತಿತು. “ತಮಾಷೆ ಬೇಡ.”

“ಕಾಮಾಲಿ ಆಗಿತ್ತಲ್ರೀ, ಆವಾಗ. ಮನ್ಯಾಗ ಉಣ್ಣಾಕ ಇರಲಿಲ್ಲ. ಬರೀರಿ ನನ್ನ ಹೆಸರು.”

ಜಯಸಿಂಹರು ರಿಪೋರ್ಟಿನಲ್ಲಿ ಅವನ ಹೆಸರು ಬರೆದರು. “ನಿಮ್ಮ ಮೇಲೆ ಆಣೆ ಇಟ್ಟು ಹೇಳ್ತಿದ್ದೆನಲ್ರೀ ನಾನು,” ಎಂದು ಮೆಲ್ಲಗೆ ಹೇಳಿ ಫೈಲು ಮುಚ್ಚಿದರು. ಇನ್ನು ಬರಬೇಡಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಮುರ್ತುಜಾ ಆಂಟಾಪ್ ಹಿಲ್ ಕಡೆಗೆ ನಡೆದ. ಹೆಸರು ಹೋದದ್ದಕ್ಕೆ ದುಃಖವಾಗಲಿಲ್ಲ, ಹೋಗುತ್ತದೆಂದು ಗೊತ್ತಿದ್ದೇ ಹೇಳಿದ್ದ. ಎದೆ ಸುಟ್ಟದ್ದು ಬೇರೆ ಕಾರಣಕ್ಕೆ. ಅವನು ನಿದ್ದೆ ಹೋಗುವುದನ್ನೇ ಕಾದು ಅಖ್ತರಿ ಅವನ ಮಗ್ಗುಲಲ್ಲೇ ಕೂತು ಆ ದಲಾಲನ ಸೀಟು ಹೊಲಿದಿರಬೇಕು, ಅವನು ಹೊರಳಿದಾಗಲೆಲ್ಲ ಬಚ್ಚಿಟ್ಟಿರಬೇಕು. ಬದುಕಿಸಿದ ಮೇಲೂ ಒಂದು ವರ್ಷ ಅವಳಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಗಂಡನಿಗೆ ಹೆದರುತ್ತಲೇ ಹೊಲಿದಳು, ಹೆದರಿಕೊಂಡೇ ಹೋದಳು.