ಹುಲಿಯಪ್ಪನ ಮುಖ

ಮೂರನೇ ಸಲ ಬೆಲ್ ಆದಾಗ ಅಂಜನಕುಮಾರ ಬಚ್ಚಲಮನೆಯೊಳಗೆ ಚಿಲಕ ಹಾಕಿಕೊಂಡು, ನಲ್ಲಿಯನ್ನು ಸಣ್ಣಗೆ ಬಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದ. ನಲ್ಲಿ ಯಾಕೆ ಬಿಟ್ಟೆನೆಂದು ಅವನಿಗೇ ಗೊತ್ತಿರಲಿಲ್ಲ. ಸ್ನಾನ ಮಾಡುತ್ತಿರುವವನನ್ನು ಯಾರೂ ಹೊಡೆಯಲಾರರು ಎಂದು ಎಲ್ಲೋ ಅನ್ನಿಸಿರಬೇಕು.

"ರೀ, ಹೊರಗ ಬರ್ರಿ," ಹೆಂಡತಿ ಸುನೀತಾ ಬಾಗಿಲು ತಟ್ಟಿದಳು. "ಅವರ ಕಡೆಯೋರಲ್ಲ. ವಯಸ್ಸಾದ ಹೆಣ್ಮಗಳು, ಜೊತೆಗೆ ಮಗ. ನಂದಿಗುಡಿಯಿಂದ ಬಂದಾರಂತೆ. ಕೈಯಾಗ ಏನೋ ಚಪ್ಪಟೇದು ಐತೆ, ಹಳೇ ಸೀರೇಲಿ ಸುತ್ಯಾರೆ."

"ಚಪ್ಪಟೇದು ಅಂದ್ರೆ? ಮಚ್ಚಾ?"

"ಮಚ್ಚು ಅಷ್ಟು ಅಗಲ ಇರ್ತೈತೇನ್ರಿ? ನಾ ಆಗ್ಲೇ ಒಳಗ ಕೂಡ್ರಿಸೀನಿ. ನಲ್ಲಿ ನಿಲ್ಸಿ ಬರ್ರಿ, ಟ್ಯಾಂಕ್ ಖಾಲಿ ಆಗ್ತೈತೆ."

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಆ ಬಾಡಿಗೆ ಮನೆಯಲ್ಲಿ ನಾಲ್ಕು ದಿನದಿಂದ ಹೀಗೇ ನಡೆದಿತ್ತು. ಭಾನುವಾರದ ಪತ್ರಿಕೆಯಲ್ಲಿ ಅವನ ವ್ಯಂಗ್ಯಚಿತ್ರ ಬಂದಿತ್ತು. ಬಿಳಿ ಅಂಗಿಯ ದೊಡ್ಡ ಮನುಷ್ಯನೊಬ್ಬ ಹರಿಹರದ ಸೇತುವೆ ಕೆಳಗೆ ಕಾಲು ಚಾಚಿ ಕೂತು, ತುಂಗಭದ್ರೆಯ ಮರಳನ್ನು ಪೇಪರಿನ ಮೇಲೆ ಸುರಿದುಕೊಂಡು ಮಂಡಕ್ಕಿಯ ಹಾಗೆ ಮುಕ್ಕುತ್ತಿದ್ದ. ಇನ್ನೊಂದು ಕೈಯಲ್ಲಿ ಮೆಣಸಿನಕಾಯಿ ಬಜ್ಜಿಯ ಬದಲು ಅರ್ಧ ಕಚ್ಚಿದ ಲಾರಿ. ಮರಳಿನ ವ್ಯವಹಾರದ ಮುಖಂಡನೊಬ್ಬನ ಹುಡುಗರು ಪತ್ರಿಕೆ ಸುಟ್ಟರು. ಕೈ ಮುರಿಯುತ್ತೇವೆಂದು ಫೋನ್ ಮಾಡಿದರು. ಕೇಸೂ ಹಾಕಿದರು.

ಅಂಜನಕುಮಾರನಿಗೆ ತಲೆಬುಡ ತಿಳಿಯದೆ ಹೋದದ್ದು ಇಲ್ಲಿಯೇ. ಕೇಸು ಬೀಳದಿರಲೆಂದೇ ಅವನು ಮುಖಂಡನ ಮುಖವನ್ನು ತಪ್ಪಿಸಿದ್ದ. ಮುಖಂಡನದು ದುಂಡು ಮುಖ, ಇದು ಉದ್ದ. ಅವನದು ಮೊಂಡು ಮೂಗು, ಇದು ಗಿಣಿಮೂಗು. ಹುಬ್ಬು ಕೂಡಿಸಿದ್ದ, ಎಡಗಿವಿಯನ್ನು ಬಲಗಿವಿಗಿಂತ ದೊಡ್ಡದು ಮಾಡಿದ್ದ. ಯಾರದೂ ಅಲ್ಲದ ಮುಖ. ಆದರೂ ಅವರು 'ನಮ್ಮಣ್ಣನೇ ಇದು' ಎಂದು ಹಟ ಹಿಡಿದಿದ್ದರು. ಸಂಪಾದಕರದು ಬೇರೆಯೇ ರಾಗ: "ಹೋಲಿಕೆನೇ ಬಂದಿಲ್ವಲ್ಲೋ. ಇಷ್ಟು ಬೈಸಿಕೊಳ್ಳೋದಕ್ಕಾದ್ರೂ ಸರಿಯಾಗಿ ಬರೀಬಾರ್ದಿತ್ತಾ? ಹೋಗ್ಲಿ, ಇದು ಬೇರೆ ಯಾರದೋ ಮುಖ ಅಂತ ತೋರಿಸೋಕಾದ್ರೆ ತೋರಿಸು. ಕೇಸು ನಿಲ್ಲಲ್ಲ."

ನಡುಮನೆಯಲ್ಲಿ ಆ ಹೆಣ್ಮಗಳು, ತಿಮ್ಮವ್ವ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಮಗ ಶಿವಮೂರ್ತಿ ಗೂಡ್ಸ್ ಆಟೋದ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಿದ್ದ.

"ಹರಿಹರ ಬಸ್‌ಸ್ಟ್ಯಾಂಡ್ ಹಿಂದೆ ಬೋರ್ಡ್ ಬರೀತಿದ್ದೋರು ನೀವೇ ಅಲ್ರೀ?" ಎಂದು ಮಗ ಕೇಳಿದ.

"ಹೌದು. ಹನ್ನೆರಡು ವರ್ಷದ ಹಿಂದಿನ ಮಾತು."

"ಹಂಗಾದ್ರೆ ಇದನ್ನ ನೋಡ್ರಿ."

ಶಿವಮೂರ್ತಿ ಸೀರೆ ಬಿಚ್ಚಿದ. ಗಾಜು ಹಾಕಿದ ಚೌಕಟ್ಟಿನಲ್ಲಿ ಕೈಯಲ್ಲಿ ಬರೆದ ಗಂಡಸಿನ ಮುಖ, ಗಾಜಿನ ನೆತ್ತಿಯಲ್ಲಿ ದಿನಾ ಹಚ್ಚಿ ಗಟ್ಟಿಯಾದ ಕುಂಕುಮ. ಪಕ್ಕದಲ್ಲಿ ಅವನು ಭಾನುವಾರದ ಪತ್ರಿಕೆ ಹಾಸಿದ. ಅದೇ ಉದ್ದ ಮುಖ, ಅದೇ ಗಿಣಿಮೂಗು, ಕೂಡಿದ ಹುಬ್ಬು. ಎಡಗಿವಿ ದೊಡ್ಡದು. ಒಂದು ಮುಖ ಕೈಮುಗಿಯುವ ಹಾಗಿತ್ತು, ಇನ್ನೊಂದು ಲಾರಿ ಕಚ್ಚುತ್ತಿತ್ತು.

ಆಗ ನೆನಪಾಯಿತು. ಫೋಟೋ ಒಂದೂ ಇಲ್ಲದೆ ಸತ್ತವರನ್ನು ಅವನು ಆ ಬೋರ್ಡಿನ ಅಂಗಡಿಯಲ್ಲಿ ಬರೆದುಕೊಡುತ್ತಿದ್ದ. ಮನೆಯವರೆಲ್ಲ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಮೂಗು ಥೇಟ್ ತಮ್ಮನದೇ, ಹುಬ್ಬು ಅಕ್ಕನದು, ಗದ್ದ ಈ ಮಗನದು. ಒಬ್ಬೊಬ್ಬರಿಂದ ಒಂದೊಂದು ತೆಗೆದು ಕೂಡಿಸಿದರೆ ಸತ್ತವನು ಎದ್ದು ಬರುತ್ತಿದ್ದ. ಕಿವಿಯ ವಿಷಯದಲ್ಲಿ ಇವರ ಮನೆಯವರು ಜಗಳವಾಡಿದ್ದರು. ಕೊನೆಗೆ ಅವನು ಕೈಗೆ ಬಂದ ಹಾಗೆ ಬರೆದಿದ್ದ. ಅವನು ಮರೆತಿದ್ದರೂ ಕೈ ಮರೆತಿರಲಿಲ್ಲ.

"ನಮ್ಮಪ್ಪ ಹುಲಿಯಪ್ಪ," ಎಂದ ಶಿವಮೂರ್ತಿ. "ಹೊಳ್ಯಾಗ ಕೂಲಿಗೆ ಉಸುಕು ತುಂಬಿ ತುಂಬಿನೇ ಸತ್ತೋನ್ರಿ. ಒಂದು ಬುಟ್ಟಿ ಮನೆಗೆ ತಂದೋನಲ್ಲ. ಈ ಫೋಟೋನ ಊರೋರೆಲ್ಲ ನೋಡ್ಯಾರೆ. ಈಗ ಚಾ ಅಂಗಡ್ಯಾಗ ನಿಮ್ಮ ಪೇಪರ್ ಅಂಟಿಸ್ಯಾರೆ. 'ಏನಲೇ ಶಿವ್ಯಾ, ನಿಮ್ಮಪ್ಪ ಲಾರಿನೂ ಬಿಡ್ಲಿಲ್ವಲ್ಲೋ' ಅಂತಾರೆ. ಎಷ್ಟು ಜನಕ್ಕ ಹೊಡೀಲಿ ನಾನು?"

"ಇದು ನಿಮ್ಮಪ್ಪ ಅಲ್ಲಪ್ಪ. ಇದು ಯಾರೂ ಅಲ್ಲ."

"ಹಂಗಾದ್ರೆ ಇದು ಯಾರು?" ಶಿವಮೂರ್ತಿ ಚೌಕಟ್ಟಿನ ಮೇಲೆ ಬೆರಳಿಟ್ಟ.

ಅಂಜನಕುಮಾರ ಎರಡು ಮುಖಗಳನ್ನೂ ನೋಡಿದ. ಪತ್ರಿಕೆಯೊಳಗಿನವನು ಯಾರೂ ಅಲ್ಲವೆಂದರೆ ಗಾಜಿನೊಳಗಿನವನೂ ಯಾರೂ ಅಲ್ಲ. ಗಾಜಿನೊಳಗಿನವನು ಹುಲಿಯಪ್ಪನೆಂದರೆ ಲಾರಿ ಕಚ್ಚಿದವನೂ ಹುಲಿಯಪ್ಪನೇ. ಹಾಗೆ ಒಪ್ಪಿಕೊಂಡರೆ ಕೇಸು ಬಿದ್ದುಹೋಗುತ್ತದೆ. ಸಾಕ್ಷಿ ಕುಂಕುಮ ಹಚ್ಚಿಕೊಂಡು ಮನೆಗೇ ಬಂದಿತ್ತು. ಸುನೀತಾ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವಳಿಗೂ ಅದು ಹೊಳೆದಿತ್ತು. ಅವನು ಕಣ್ಣು ತಪ್ಪಿಸಿದ.

"ಪೇಪರ್‌ನಾಗ ಹಾಕ್ರಿ, ಇದು ಹುಲಿಯಪ್ಪ ಅಲ್ಲ ಅಂತ," ಎಂದ ಶಿವಮೂರ್ತಿ.

"ಹಾಕಿದ್ರೆ ನೋಡದೋರೂ ನೋಡ್ತಾರಪ್ಪ. ದಾವಣಗೆರೆ ತುಂಬಾ ಹುಲಿಯಪ್ಪ ಯಾರು ಅಂತ ಕೇಳ್ತಾರೆ," ಎಂದಳು ಸುನೀತಾ ಮೆಲ್ಲಗೆ.

ಅಂಜನಕುಮಾರ ಎದ್ದು ಹೋಗಿ ಹಲಗೆ, ದಪ್ಪ ಕಾಗದ, ಪೆನ್ಸಿಲ್ ತಂದ. ತಿಮ್ಮವ್ವನ ಎದುರು ನೆಲದ ಮೇಲೇ ಕೂತ.

"ಅವ್ವಾ, ಹೊಸದು ಬರೆದುಕೊಡ್ತೀನಿ. ಆಗ ನನ್ನ ಕೈ ಇನ್ನೂ ಪಳಗಿರಲಿಲ್ಲ. ತಮ್ಮ, ಅಕ್ಕ ಯಾರೂ ಬ್ಯಾಡ. ನೀವೊಬ್ರೇ ಹೇಳ್ರಿ, ನಿಜವಾಗಿ ಅವರು ಹೆಂಗಿದ್ರು?"

ತಿಮ್ಮವ್ವ ಕಣ್ಣು ಮುಚ್ಚಿದಳು. "ಮೂಗು..." ಎಂದು ನಿಲ್ಲಿಸಿದಳು. ಗಾಳಿಯಲ್ಲಿ ಎರಡು ಬೆರಳು ಎತ್ತಿ, ಏನನ್ನೋ ಹಿಡಿಯಲು ನೋಡಿ, ಕೆಳಗಿಳಿಸಿದಳು.

"ಇದನ್ನ ಮನಿಗೆ ತಂದ ದಿವಸ ಇವ ಯಾವನೋ ಅನಿಸಿತ್ತು ತಮ್ಮಾ. ಹುಡುಗ 'ಅಪ್ಪ ಬಂದ' ಅಂತ ಕುಣೀತಿತ್ತು, ಸುಮ್ನಾದೆ. ಆಮ್ಯಾಲೆ ದಿನಾ ಹೂ ಏರಿಸ್ದೆ. ಬೈದೆ, ಇವನ ಮುಂದ ಅತ್ತೆ, ಮಗಳ ಮದಿವಿ ಗೊತ್ತಾದಾಗ ಇವನಿಗೇ ಮದ್ಲು ಹೇಳ್ದೆ. ಈಗ ಕಣ್ಣು ಮುಚ್ಚಿದ್ರೆ ಇವನೇ ಬರ್ತಾನ. ಮದ್ಲಿನೋನು ಬರವಲ್ಲ."

"ಅದಕ್ಕೇ ಹೊಸದು ಬರೆಸ್ಕೋ ಅವ್ವ," ಶಿವಮೂರ್ತಿಯ ಧ್ವನಿ ಇಳಿದಿತ್ತು. "ಇದನ್ನ ಗ್ವಾಡಿ ಮ್ಯಾಲೆ ಇಟ್ರೆ ಬಂದೋರೆಲ್ಲ ಕಿಸಿಕಿಸಿ ನಗ್ತಾರೆ."

"ಹೌದವ್ವಾ. ಮೂಗು ಸ್ವಲ್ಪ ಅಗಲ ಮಾಡೋಣ, ಹುಬ್ಬು ಬಿಡಿಸೋಣ," ಅಂಜನಕುಮಾರ ಆಗಲೇ ಗೆರೆ ಎಳೆಯತೊಡಗಿದ್ದ. "ಯಾರಿಗೂ ಗುರುತು ಹತ್ತಬಾರ್ದು, ಹಂಗೆ ಮಾಡಿಕೊಡ್ತೀನಿ."

ತಿಮ್ಮವ್ವ ಅವನ ಪೆನ್ಸಿಲ್ಲನ್ನೇ ನೋಡಿದಳು. ಆಮೇಲೆ ಚೌಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡು, ಮುಖ ತನ್ನ ಕಡೆ ತಿರುಗಿಸಿ, ಸೀರೆಯನ್ನು ಸುತ್ತತೊಡಗಿದಳು.

"ಬ್ಯಾಡ," ಎಂದಳು. "ಮತ್ತೊಬ್ಬ ನನಗ ಬ್ಯಾಡ."